ಮೋಡಕ್ಕೂ ಒಂದು ಎಫ್‌ಐಡಿ ಮಾಡಿಸಿ

2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ದೇಶದೇಶಗಳ ಕೃಷಿ ಪಂಡಿತರು ಸಭೆ ಸೇರಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಲ್ಲಿ ‘ಕ್ಲೈಮೇಟ್ ಸ್ಮಾರ್ಟ್’ ಬೇಸಾಯ ಎಂಬ ಹೊಸ ಮಂತ್ರವನ್ನು ಮುಂದಿಟ್ಟಿತು. ಹತ್ತು ಸಾವಿರ ವರ್ಷ ಉತ್ತು, ಬಿತ್ತು, ಮುಗಿಲು ನೋಡಿ, ಸಾಲ ಮಾಡಿ ಬದುಕಿದ ರೈತ ಇನ್ನು ಮುಂದೆ ಜಾಣನಾಗತಕ್ಕದ್ದು ಎಂದು ಅಂದಿಗೆ ಠರಾವಾಯಿತು.

ಜಾಣನಾಗಲು ಮೂರು ಷರತ್ತು. ಇಳುವರಿ ಏರಬೇಕು. ಬರ ಬರಲಿ, ನೆರೆ ಬರಲಿ, ಬೆಳೆ ಜಗ್ಗದೆ ನಿಲ್ಲಬೇಕು. ಇಷ್ಟೆಲ್ಲ ನಡೆಯುವಾಗ ಹೊಲದಿಂದ ಮೀಥೇನು, ನೈಟ್ರಸ್ ಆಕ್ಸೈಡು ಮುಂತಾದ ಅಶುಭ ಅನಿಲಗಳು ಮೇಲೇಳಬಾರದು. ಒಂದೇ ಹೊಲ, ಮೂರು ಹರಕೆ. ಎರಡೆಕರೆ ಖುಷ್ಕಿ, ದಿನ ಬಿಟ್ಟು ದಿನ ನೀರೆತ್ತುವ ಒಂದು ಬೋರ್‌ವೆಲ್ಲು, ಸೊಸೈಟಿಯಲ್ಲೊಂದು ಸಾಲ ಇಟ್ಟುಕೊಂಡಿರುವ ಚಿತ್ರದುರ್ಗ ಸೀಮೆಯ ರೈತ ಇವತ್ತು ಏಕಕಾಲಕ್ಕೆ ಅನ್ನದಾತನೂ ಹೌದು, ಆಪದ್ಬಾಂಧವನೂ ಹೌದು, ಭೂಮಂಡಲದ ಥರ್ಮಾಮೀಟರ್ ಇಳಿಸುವ ವೈದ್ಯನೂ ಹೌದು. ಸಂಬಳ ಮಾತ್ರ ಹಳೆಯದೇ.

ಪಾಠ ಹೇಳುವ ಮೇಷ್ಟ್ರುಗಳನ್ನು ಸ್ವಲ್ಪ ನೋಡೋಣ. 2014ರಲ್ಲಿ ನ್ಯೂಯಾರ್ಕ್‌ನಲ್ಲಿ ಈ ಜಾಣ ಬೇಸಾಯಕ್ಕೆಂದೇ ಒಂದು ಜಾಗತಿಕ ಒಕ್ಕೂಟ ಹುಟ್ಟಿತು. ಸದಸ್ಯರ ಪಟ್ಟಿಯಲ್ಲಿ ನಾರ್ವೆಯ ಯಾರಾ ಎಂಬ ಕಂಪನಿಯೂ ಇತ್ತು. ಅದು ಜಗತ್ತಿನ ಅತಿ ದೊಡ್ಡ ಸಾರಜನಕ ಗೊಬ್ಬರ ತಯಾರಕರಲ್ಲೊಂದು. ಹೊಲಕ್ಕೆ ಸುರಿದ ಸಾರಜನಕದಲ್ಲಿ ಬೆಳೆ ಉಣ್ಣದೆ ಬಿಟ್ಟಿದ್ದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಮೇಲೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಕಾವು ಕಾರ್ಬನ್ ಡೈಆಕ್ಸೈಡ್‌ಗಿಂತ 273 ಪಟ್ಟು. ಸಾರಾಯಿ ಗುತ್ತಿಗೆದಾರನೇ ಪಾನನಿರೋಧ ಸಂಘದ ಖಜಾಂಚಿ ಆದಂತಾಯಿತು. ನೂರಾರು ರೈತ ಸಂಘಟನೆಗಳು, ಪರಿಸರ ಸಂಘಟನೆಗಳು ಕೂಡಿ ಪ್ರತಿಭಟನೆಯ ಪತ್ರ ಬರೆದವು. ಪತ್ರಗಳಿಗೇನು, ಅವು ಯಾವ ಅನಿಲವನ್ನೂ ಬಿಡುವುದಿಲ್ಲ, ಯಾರಿಗೂ ತೊಂದರೆಯಿಲ್ಲ.

2021ರ ಗ್ಲಾಸ್ಗೋ ಹವಾಮಾನ ಶೃಂಗಸಭೆಯಲ್ಲಿ ಇನ್ನೊಂದು ಮಿಷನ್ ಹೊರಟಿತು. ಹವಾಮಾನಕ್ಕೆ ತಕ್ಕ ಕೃಷಿ ಸಂಶೋಧನೆಗೆ ಹಣ ಕೂಡಿಸುವ ಈ ಮಿಷನ್ನಿನ ಇಬ್ಬರು ಮುಂದಾಳುಗಳು ಅಮೆರಿಕ ಮತ್ತು ಯುಎಇ. ಒಬ್ಬರಿಗೆ ಪೆಟ್ರೋಲು ಸುಡುವುದರಲ್ಲಿ ಅನುಭವ, ಇನ್ನೊಬ್ಬರಿಗೆ ಮಾರುವುದರಲ್ಲಿ. ಮರಳುಗಾಡಿನಲ್ಲಿ ಕೂತು ಕೃಷಿಯ ಪಾಠ ಹೇಳುವುದಕ್ಕೂ ಎದೆ ಬೇಕು, ಮೆಚ್ಚಬೇಕು. ಎರಡು ವರ್ಷದ ಮೇಲೆ ದುಬೈನಲ್ಲೇ ಶೃಂಗಸಭೆ ನಡೆಯಿತು. ಅಧ್ಯಕ್ಷ ಪೀಠದಲ್ಲಿದ್ದವರು ಸುಲ್ತಾನ್ ಅಲ್ ಜಾಬರ್, ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರು. ಕೃಷಿ ಮತ್ತು ಆಹಾರದ ಬಗ್ಗೆ ಅಲ್ಲಿ ಹೊರಟ ಘೋಷಣೆಗೆ ನೂರೈವತ್ತಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು.

ಭಾರತ ಹಾಕಲಿಲ್ಲ. ಮೀಥೇನ್ ಇಳಿಸುವ ಗ್ಲಾಸ್ಗೋ ಪ್ರತಿಜ್ಞೆಗೂ ಸೇರಲಿಲ್ಲ. ಇಲ್ಲಿ ನಾನು ಸರ್ಕಾರದ ಪರ. 1991ರಲ್ಲೇ ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ವಾದಿಸಿದ್ದರು: ಬಡವನ ಭತ್ತದ ಗದ್ದೆಯ ಮೀಥೇನನ್ನೂ ಶ್ರೀಮಂತನ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಒಂದು ಹೊಟ್ಟೆಪಾಡು, ಇನ್ನೊಂದು ಷೋಕಿ. ಭಾರತವೇ ವಿಶ್ವಸಂಸ್ಥೆಗೆ ಕೊಟ್ಟ 2020ರ ಲೆಕ್ಕ ನೋಡಿ. ದೇಶದ ಒಟ್ಟು ಹಸಿರುಮನೆ ಅನಿಲಗಳಲ್ಲಿ ಕೃಷಿಯ ಪಾಲು ಶೇ 14ಕ್ಕೂ ಸ್ವಲ್ಪ ಕಮ್ಮಿ. ಮುಕ್ಕಾಲು ಪಾಲು ವಿದ್ಯುತ್ತು, ಇಂಧನದ್ದು. ದುಡಿಯುವ ಜನರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಯ ಬದುಕು ಈ 14ರಲ್ಲಿ ನಡೆಯುತ್ತಿದೆ. ಹೀಗೆ ವಿದೇಶಿ ವೇದಿಕೆಯಲ್ಲಿ ರೈತನ ಪರ ಗುಡುಗಿದ ನಿಯೋಗ ವಿಮಾನ ಹತ್ತಿ ದೆಹಲಿಗೆ ಬರುತ್ತದೆ. ಇಳಿದ ಮೇಲೆ ಏನಾಗುತ್ತದೋ ಏನೋ, ಆ ಗುಡುಗು ಸುತ್ತೋಲೆಯಾಗಿ, ಆ್ಯಪ್ ಆಗಿ, ಒಂದು ದಿನದ ಕಾರ್ಯಾಗಾರವಾಗಿ ರೈತನ ತಲೆಯ ಮೇಲೇ ಬಂದು ಬೀಳುತ್ತದೆ.

ಕಾರ್ಯಾಗಾರ ನೋಡದವರಿಗೆ ಒಂದು ವರ್ಣನೆ. ಸ್ಥಳ ಬೆಂಗಳೂರಿನ ದೊಡ್ಡ ಹೋಟೆಲು. ಹೊರಗೆ ಏಪ್ರಿಲ್, ಒಳಗೆ ಊಟಿ. ಭೂಮಿ ಬಿಸಿಯಾಗುತ್ತಿದೆ ಎಂಬ ಸ್ಲೈಡ್ ಬಂದಾಗ ಮುಂದಿನ ಸಾಲಿನವರು ಶಾಲು ಹೊದ್ದುಕೊಳ್ಳುತ್ತಾರೆ. ಮೊದಲ ಅಧಿವೇಶನ ಸವಾಲುಗಳು, ಎರಡನೆಯದು ಅವಕಾಶಗಳು, ಮೂರನೆಯದು ಊಟ. ಸಿರಿಧಾನ್ಯದ ಊಟ: ನವಣೆ ಬಿಸಿಬೇಳೆಬಾತ್, ಸಾಮೆ ಪಾಯಸ, ಸಜ್ಜೆಯ ಪಿಜ್ಜಾ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿದ್ದು ಭಾರತದ ಒತ್ತಾಯದಿಂದಲೇ ಅಲ್ಲವೇ, ಆ ಅಭಿಮಾನ ತಟ್ಟೆಯಲ್ಲಿ ಕಾಣುತ್ತದೆ. ರೈತ ಪ್ರತಿನಿಧಿ ಎಂಬುವರೊಬ್ಬರು ಹಸಿರು ಶಾಲು ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತಿರುತ್ತಾರೆ. ಗ್ರೂಪ್ ಫೋಟೊಕ್ಕೆ ಮಾತ್ರ ಅವರನ್ನು ನಡುವೆ ನಿಲ್ಲಿಸುತ್ತಾರೆ. ಮಾತಾಡಲು ಮೂರು ನಿಮಿಷ ಸಿಕ್ಕಾಗ ಆ ಮನುಷ್ಯ ಕೇಳುವುದು ಒಂದೇ ಪ್ರಶ್ನೆ: ‘ಸಾರ್, ಸಾಮೆ ಬೆಳೀತೀನಿ, ಯಾರು ತಗೋತಾರೆ? ಎಷ್ಟಕ್ಕೆ?’ ಕಿರುಧಾನ್ಯ ಬೆಳೆದರೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತಸಿರಿ ಯೋಜನೆ ಕರ್ನಾಟಕದಲ್ಲಿದೆ, ಸಂತೋಷ. ರಾಗಿಗೆ ಬೆಂಬಲ ಬೆಲೆಯೂ ಇದೆ. 2024-25ಕ್ಕೆ ಕ್ವಿಂಟಲ್‌ಗೆ 4,290 ರೂಪಾಯಿ. ಆದರೆ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಾಗ ಎಕರೆಗಿಷ್ಟೇ, ತಲೆಗಿಷ್ಟೇ, ಇವತ್ತಿಗಿಷ್ಟೇ ಎಂಬ ಮಿತಿಗಳು ಒಂದೊಂದಾಗಿ ಹೊರಬರುತ್ತವೆ. ಕಾರ್ಯಾಗಾರದಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಿದೆ: ‘ಒಳ್ಳೆಯ ಪ್ರಶ್ನೆ. ಮಾರುಕಟ್ಟೆ ಜೋಡಣೆ ಮುಂದಿನ ಕಾರ್ಯಾಗಾರದ ವಿಷಯ.’

ವಿಜ್ಞಾನಿಗಳ ಮೇಲೆ ನನ್ನ ತಕರಾರಿಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. 2011ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ನಿಕ್ರಾ ಎಂಬ ಯೋಜನೆ ಆರಂಭಿಸಿತು; ಹೈದರಾಬಾದಿನ ಒಣಬೇಸಾಯ ಸಂಸ್ಥೆ ಅದರ ಕೇಂದ್ರ. ಹವಾಮಾನದ ಏರುಪೇರಿಗೆ ಯಾವ ಜಿಲ್ಲೆ ಎಷ್ಟು ಸುಲಭದ ತುತ್ತು ಎಂದು ಅವರು ಲೆಕ್ಕ ಹಾಕಿ, 310 ಜಿಲ್ಲೆಗಳನ್ನು ಅಪಾಯದ ಪಟ್ಟಿಗೆ ಸೇರಿಸಿದರು. ಅದರಲ್ಲಿ 109 ಅತಿ ಹೆಚ್ಚು ಅಪಾಯದವು. ಕಷ್ಟಪಟ್ಟು ಮಾಡಿದ ಕೆಲಸ. ತಳಿ ವಿಜ್ಞಾನಿಗಳದ್ದೂ ಅಷ್ಟೇ. ಸ್ವರ್ಣ-ಸಬ್1 ಎಂಬ ಭತ್ತ ಹತ್ತು ಹದಿನೈದು ದಿನ ನೀರಿನಲ್ಲಿ ಮುಳುಗಿದ್ದರೂ ಮತ್ತೆ ತಲೆಯೆತ್ತುತ್ತದೆ. ಭಾರತದಲ್ಲಿ ಅದು ಬಿಡುಗಡೆಯಾದದ್ದು 2009ರಲ್ಲಿ. ಮುಳುಗಿ ಬದುಕುವ ಆ ಗುಣ ಬಂದದ್ದೆಲ್ಲಿಂದ? ಒಡಿಶಾದ ಒಂದು ನಾಟಿ ಭತ್ತದಿಂದ. ಅಲ್ಲಿನ ರೈತರು ಎಷ್ಟೋ ತಲೆಮಾರು ಆರಿಸಿ ಉಳಿಸಿಕೊಂಡು ಬಂದಿದ್ದ ಬೀಜದಿಂದ ಜೀನ್ ಹುಡುಕಿ, ಜನಪ್ರಿಯ ತಳಿಯೊಂದಕ್ಕೆ ಸೇರಿಸಿದರು. ನಮ್ಮಲ್ಲೂ ಈ ಪರಂಪರೆ ಉಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಹೇಗ್ ಸಭೆಗೆ ಇನ್ನೂ ದಶಕಗಳಿದ್ದವು. ಜನ ಅವರನ್ನು ರಾಗಿ ಬ್ರಹ್ಮ ಅಂದರು. ಅವರು ಯಾವ ಸ್ಲೈಡನ್ನೂ ತೋರಿಸಲಿಲ್ಲ, ರಾಗಿ ತೋರಿಸಿದರು.

ಒಡಿಶಾದ ನಾಟಿ ಭತ್ತಕ್ಕೆ ಸಿಕ್ಕ ಅದೃಷ್ಟ ನಮ್ಮ ಕಗ್ಗಕ್ಕೆ ಸಿಗಲಿಲ್ಲ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಗಜನಿಗಳಲ್ಲಿ, ಅಘನಾಶಿನಿ ನದಿ ಸಮುದ್ರ ಸೇರುವ ಉಪ್ಪುನೀರಿನ ತಾವಿನಲ್ಲಿ, ಬೆಳೆಯುವ ಭತ್ತ ಅದು. ಉಪ್ಪು ತಡೆಯುತ್ತದೆ, ಮುಳುಗಡೆ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಸಮುದ್ರ ಮಟ್ಟ ಏರುತ್ತಿದೆ ಎಂದು ಜಗತ್ತೆಲ್ಲ ಲಬೋ ಲಬೋ ಎನ್ನುವ ಕಾಲದಲ್ಲಿ ಇಂಥ ಬೀಜ ಬ್ಯಾಂಕಿನ ಲಾಕರಿನಲ್ಲಿರಬೇಕಿತ್ತು. ಕಟ್ಟೆ ಒಡೆದು, ಆಳು ಸಿಗದೆ, ಗಜನಿಗಳು ಸಿಗಡಿ ಸಾಕಣೆಯ ಪಾಲಾಗಿ, ಕಗ್ಗ ಬೆಳೆಯುವ ಜಾಗವೇ ಕುಗ್ಗುತ್ತ ಬಂತು. ಅತ್ತ ದೆಹಲಿಯಲ್ಲಿ 2024ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಒಂದೇ ದಿನ 61 ಬೆಳೆಗಳ 109 ಹೊಸ ತಳಿಗಳನ್ನು ಬಿಡುಗಡೆ ಮಾಡಿದರು. ಹೊಸದರ ಬಿಡುಗಡೆಗೆ ಸಮಾರಂಭ ಇರುತ್ತದೆ. ಹಳೆಯದು ಹೋಗುವಾಗ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಈಗ ಈ ಜಾತ್ರೆಯ ದೊಡ್ಡ ತೇರಿಗೆ ಬರೋಣ: ಕಾರ್ಬನ್ ಕ್ರೆಡಿಟ್. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಮಣ್ಣಿಗೆ ಉಸಿರು ಕಟ್ಟುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬಾಳುವ ಸೂಕ್ಷ್ಮಜೀವಿಗಳು ಮೀಥೇನ್ ಉಗುಳುತ್ತವೆ. ನೀರು ನಿಲ್ಲಿಸದೆ ಬೆಳೆದರೆ ಮೀಥೇನ್ ಕಮ್ಮಿ. ಆದ್ದರಿಂದ ನಾಟಿ ಬಿಟ್ಟು ಒಣಭೂಮಿಗೆ ನೇರ ಬೀಜ ಬಿತ್ತಿರಿ, ಉಳಿತಾಯವಾದ ಮೀಥೇನನ್ನು ಟನ್ ಲೆಕ್ಕದಲ್ಲಿ ಅಳೆದು ಅದರ ಪ್ರಮಾಣಪತ್ರವನ್ನು ಎಲ್ಲೋ ಹೊಗೆ ಬಿಡುವ ಕಂಪನಿಗೆ ಮಾರಿ ನಿಮಗೆ ಹಣ ಕೊಡಿಸುತ್ತೇವೆ, ಅನ್ನುವುದು ವ್ಯಾಪಾರ. ಕೃಷಿಯ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಒಂದು ಚೌಕಟ್ಟನ್ನೂ ಹೊರಡಿಸಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆಯ ಕೊನೆಯ ಭಾಗದವರು ನೀರು ತಲುಪದೆ ನೇರ ಬಿತ್ತನೆಗೆ ಇಳಿದಿದ್ದಾರೆ. ನೀರೂ ಉಳಿಯುತ್ತದೆ, ಆಳಿನ ಖರ್ಚೂ ಉಳಿಯುತ್ತದೆ. ಕಳೆ ಮಾತ್ರ ಎದೆಮಟ್ಟ ಬೆಳೆಯುತ್ತದೆ, ಅದಕ್ಕೆ ಕಳೆನಾಶಕ, ಅದಕ್ಕೆ ಇನ್ನೊಬ್ಬ ಏಜೆಂಟ್. ಇರಲಿ, ಪದ್ಧತಿ ಒಳ್ಳೆಯದೇ.

ಆದರೆ ಧಾರವಾಡ, ಕಲಘಟಗಿ, ಹಳಿಯಾಳ, ಖಾನಾಪುರದ ಕಡೆ ಕೂರಿಗೆ ಭತ್ತ ಎಂಬುದೊಂದಿದೆಯಲ್ಲ. ಮುಂಗಾರಿಗೆ ಮುಂಚಿನ ಒಂದೆರಡು ಹದ ಮಳೆಗೆ ಭೂಮಿ ಹಸನು ಮಾಡಿ ಕೂರಿಗೆಯಲ್ಲಿ ಭತ್ತ ಬಿತ್ತುವುದು ಅಲ್ಲಿ ಅಜ್ಜ, ಮುತ್ತಜ್ಜನ ಕಾಲದ ರೂಢಿ. ಅಲ್ಲಿನ ರೈತನೊಬ್ಬ ಕಾರ್ಬನ್ ಕಂಪನಿಯ ಹುಡುಗನ ಕೈಗೆ ಸಿಕ್ಕರೆ ಮಾತುಕತೆ ಹೀಗೇ ನಡೆಯಬೇಕು, ನಿಯಮಗಳು ಹಾಗಿವೆ:

‘ಕೂರಿಗ್ಯಾಗ ಬಿತ್ತೋದು ನಮಗೇನ್ ಹೊಸಾದಲ್ರೀ. ನಮಗೆಷ್ಟ್ ಕ್ರೆಡಿಟ್ ಬರ್ತಾವು?’

‘ನಿಮಗೆ ಬರಲ್ಲ ಯಜಮಾನ್ರೇ.’

‘ಯಾಕ್ರೀ?’

‘ನೀವು ಮೊದಲಿಂದಲೂ ಹಿಂಗೇ ಮಾಡ್ತಿದ್ದೀರಲ್ಲ. ನಮ್ಮಿಂದ ಹೊಸದಾಗಿ ಏನೂ ಉಳಿತಾಯ ಆಗಿಲ್ಲ. ಕೆಟ್ಟದ್ದು ಮಾಡ್ತಿದ್ದವರು ಬಿಟ್ಟರೆ ಮಾತ್ರ ಕ್ರೆಡಿಟ್.’

‘ಅಂದ್ರ ನಾಕೈದ್ ವರ್ಷ ಗದ್ದಿ ತುಂಬ ನೀರ್ ನಿಲ್ಲಿಸಿ, ಹೊಲಾ ಹದಗೆಡಿಸಿ, ಆಮ್ಯಾಲ ಸುಧಾರಿಸಿದ್ರ ರೊಕ್ಕಾ ಕೊಡ್ತೀರಿ?’

‘ದಾಖಲೆ ಸರಿ ಇದ್ದರೆ ನೋಡಬಹುದು.’

ಕಾರ್ಬನ್ ವ್ಯಾಪಾರದಲ್ಲಿ ಇದನ್ನು ಅಡಿಷನಾಲಿಟಿ ಅನ್ನುತ್ತಾರೆ. ನಿಯಮಕ್ಕೆ ತರ್ಕವಿದೆ: ಹೇಗೂ ಆಗುತ್ತಿದ್ದ ಒಳಿತಿಗೆ ಹಣ ಕೊಟ್ಟರೆ ಗಾಳಿಯಲ್ಲಿ ಹೊಸದಾಗಿ ಏನೂ ಕಮ್ಮಿಯಾಗುವುದಿಲ್ಲ, ಪ್ರಮಾಣಪತ್ರ ಕೊಂಡ ಕಂಪನಿ ಮಾತ್ರ ಹೊಗೆ ಬಿಡುತ್ತಲೇ ಇರುತ್ತದೆ. ತರ್ಕ ಒಪ್ಪೋಣ. ಆದರೆ ಆ ತರ್ಕದ ಫಲ ನೋಡಿ: ಎಂದೂ ಕುಡಿಯದವನಿಗೆ ಬಿಡಿಗಾಸಿಲ್ಲ, ಕುಡಿದು ಬಿಟ್ಟವನಿಗೆ ಸನ್ಮಾನ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಹಾಕಿ ಮಣ್ಣು ಕಾಪಾಡಿದ ತುಮಕೂರಿನ ಮುದುಕಿಗೆ ಮಾರುಕಟ್ಟೆಯಲ್ಲಿ ಜಾಗವಿಲ್ಲ, ಏಕೆಂದರೆ ಆಕೆ ಕೆಡಿಸಿದ ದಾಖಲೆ ಇಲ್ಲ. ಕೆರೆಯ ಗೋಡು ಹೊತ್ತು ಹೊಲಕ್ಕೆ ಹಾಕಿದವನಿಗಿಲ್ಲ, ಬದುವಿನಲ್ಲಿ ಹೊಂಗೆ ಬೆಳೆಸಿದವನಿಗಿಲ್ಲ. ಅವರೆಲ್ಲ ತಮ್ಮ ಪುಣ್ಯವನ್ನು ಮುಂಚಿತವಾಗಿಯೇ ಮಾಡಿ ಮುಗಿಸಿಬಿಟ್ಟ ಅವಿವೇಕಿಗಳು.

ಹಾಗೆಂದು ಪ್ರಮಾಣಪತ್ರ ಪಡೆದವರೆಲ್ಲ ಸತ್ಯಹರಿಶ್ಚಂದ್ರರೇ? 2024ರಲ್ಲಿ ಜಗತ್ತಿನ ಅತಿ ದೊಡ್ಡ ಕಾರ್ಬನ್ ಪ್ರಮಾಣೀಕರಣ ಸಂಸ್ಥೆ ವೆರಾ, ಚೀನಾದ 37 ಭತ್ತದ ಮೀಥೇನ್ ಯೋಜನೆಗಳನ್ನು ತಿರಸ್ಕರಿಸಿತು. ಇನ್ನೊಂದು ತಮಾಷೆ. ಗದ್ದೆಯನ್ನು ಒಣಗಿಸಿ ನೆನೆಸಿ ಮಾಡಿದರೆ ಮೀಥೇನ್ ಇಳಿಯುತ್ತದೆ ನಿಜ, ಆದರೆ ಯೂರಿಯಾ ಹಾಕುವ ರೀತಿ ಸರಿಯಿರದಿದ್ದರೆ ನೈಟ್ರಸ್ ಆಕ್ಸೈಡ್ ಏರಬಹುದು. ಮುಂಬಾಗಿಲಲ್ಲಿ ಹೊರಟವನು ಹಿತ್ತಲಿಂದ ಬಂದ. ಇದನ್ನೆಲ್ಲ ಅಳೆಯಲು ಉಪಕರಣ ಬೇಕು, ಉಪಗ್ರಹ ಬೇಕು, ಕನ್ಸಲ್ಟೆಂಟ್ ಬೇಕು. ಎಲ್ಲರ ಪಾಲು ಕಳೆದು ಉಳಿದದ್ದು ರೈತನಿಗೆ. ಕಬ್ಬಿನ ಬಿಲ್ಲು ನೋಡಿ ಗೊತ್ತಿರುವವರಿಗೆ ‘ಕಳೆದು ಉಳಿದದ್ದು’ ಎಷ್ಟಿರುತ್ತದೆಂದು ವಿವರಿಸಬೇಕಿಲ್ಲ.

ಜಾಣ ಬೇಸಾಯದ ಮೊದಲ ಸಾಧನ ನೇಗಿಲಲ್ಲ, ಮೊಬೈಲು. ಮಳೆ ತಿಳಿಯಲು ಮೇಘದೂತ, ಸಿಡಿಲು ತಿಳಿಯಲು ದಾಮಿನಿ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರಕ್ಕೆ ಫೋನ್ ಮಾಡಿದರೆ ವರುಣಮಿತ್ರ ಮಾತಾಡುತ್ತಾನೆ. ಪಂಚಾಯ್ತಿಗೊಂದರಂತೆ ಆರು ಸಾವಿರಕ್ಕೂ ಮೀರಿ ಮಳೆಮಾಪಕಗಳಿವೆ, ದೇಶದಲ್ಲೇ ಇಂಥ ಜಾಲ ಅಪರೂಪ, ಹೆಮ್ಮೆಪಡೋಣ. ಇನ್ನು ಬೆಳೆ ಸಮೀಕ್ಷೆಗೆ ಬೇರೆ ಆ್ಯಪ್, ವಿಮೆಗೆ ಸಂರಕ್ಷಣೆ ಪೋರ್ಟಲ್, ಬೀಜಕ್ಕೂ ಗೊಬ್ಬರಕ್ಕೂ ಸಬ್ಸಿಡಿಗೂ ಪರಿಹಾರಕ್ಕೂ ಫ್ರೂಟ್ಸ್ ತಂತ್ರಾಂಶದ ಗುರುತು ಸಂಖ್ಯೆ, ಅದೇ ಎಫ್‌ಐಡಿ. ಎಫ್‌ಐಡಿ ಆಗಬೇಕಾದರೆ ಆಧಾರ್, ಪಹಣಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಪಹಣಿ ತೀರಿಹೋದ ತಾತನ ಹೆಸರಿನಲ್ಲಿ, ಆಧಾರ್ ಮೊಮ್ಮಗನ ಹೆಸರಿನಲ್ಲಿ, ಖಾತೆ ಸೊಸೆಯ ಹೆಸರಿನಲ್ಲಿದ್ದರೆ ಆ ಹೊಲ ತಂತ್ರಾಂಶದ ದೃಷ್ಟಿಯಲ್ಲಿ ಇಲ್ಲವೇ ಇಲ್ಲ. ಬರ ಮಾತ್ರ ಪಹಣಿ ನೋಡದೆ ನುಗ್ಗುತ್ತದೆ. ನನ್ನ ಸಲಹೆ ಏನೆಂದರೆ ಮೊದಲು ಮೋಡಗಳಿಗೆ ಎಫ್‌ಐಡಿ ಮಾಡಿಸಬೇಕು. ಯಾವ ಮೋಡ, ಯಾವ ಸರ್ವೆ ನಂಬರಿನ ಮೇಲೆ, ಎಷ್ಟು ಮಿಲಿಮೀಟರ್ ಸುರಿಯಲು ಅರ್ಹ, ಅದರ ಬಯೋಮೆಟ್ರಿಕ್ ಹೊಂದುತ್ತದೋ ಇಲ್ಲವೋ ಎಂದು ತಹಶೀಲ್ದಾರರು ದೃಢೀಕರಿಸಿದ ಮೇಲೆಯೇ ಗುಡುಗಲು ಬಿಡಬೇಕು. ಅಶ್ವಿನಿ, ಭರಣಿಯಿಂದ ಸ್ವಾತಿಯವರೆಗೆ ಎಲ್ಲ ಮಳೆಗಳೂ ನಾಡಕಚೇರಿಯ ಮುಂದೆ ಟೋಕನ್ ಹಿಡಿದು ನಿಲ್ಲಲಿ, ಅವಕ್ಕೂ ಗೊತ್ತಾಗಲಿ.

ವಿಮೆಯ ಜಾಣತನ ಇನ್ನೂ ಮೇಲ್ಮಟ್ಟದ್ದು. 2016ರ ಫಸಲ್ ಬಿಮಾದಲ್ಲಿ ರೈತನ ಕಂತು ಮುಂಗಾರಿನ ಆಹಾರ ಬೆಳೆಗೆ ಶೇ 2, ಹಿಂಗಾರಿಗೆ ಶೇ 1.5, ಉಳಿದದ್ದನ್ನು ಸರ್ಕಾರಗಳು ತುಂಬುತ್ತವೆ. ಕಂತು ಅಗ್ಗ, ಇದನ್ನು ಒಪ್ಪಬೇಕು. ಆಲಿಕಲ್ಲು ಬಿದ್ದೋ ಹೊಲ ಮುಳುಗಿಯೋ ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು. ಬಿರುಗಾಳಿಗೆ ಟವರ್ ಬಿದ್ದು, ಕರೆಂಟ್ ಹೋಗಿ, ಹಳ್ಳ ತುಂಬಿ ಊರೇ ನಡುಗಡ್ಡೆಯಾದಾಗ ಆ 72 ಗಂಟೆ ಹೇಗೆ ಓಡುತ್ತದೆಂದು ಮುಳುಗಿದವನಿಗೇ ಗೊತ್ತು. ಊರಿಗೆಲ್ಲ ಬಡಿದ ಬರಕ್ಕಾದರೆ ಪಂಚಾಯ್ತಿಗೊಂದಿಷ್ಟು ಬೆಳೆ ಕಟಾವು ಪ್ರಯೋಗ. ಹಿಂದಿನ ವರ್ಷಗಳ ಸರಾಸರಿಗಿಂತ ಇಳುವರಿ ಬಿದ್ದಿರಬೇಕು. ಮೂರು ವರ್ಷ ಬಿಟ್ಟೂ ಬಿಡದೆ ಬರ ಬಂದ ಊರಿನಲ್ಲಿ ಸರಾಸರಿಯೇ ನೆಲಕ್ಕಂಟಿರುತ್ತದೆ. ಬಿದ್ದವನು ಇನ್ನೆಲ್ಲಿಗೆ ಬೀಳಬೇಕು? ಮಲೆನಾಡಿನ ಅಡಿಕೆ, ಮೆಣಸಿಗೆ ಬೇರೆ ವ್ಯವಸ್ಥೆ, ಹವಾಮಾನ ಆಧಾರಿತ ವಿಮೆ. ಅಲ್ಲಿ ತೋಟ ಕೊಳೆತರೆ ಸಾಲದು. ಪಂಚಾಯ್ತಿಯ ಮಳೆಮಾಪಕದಲ್ಲಿ ಬೀಳಬೇಕಾದ ಅಂಕಿ ಬಿದ್ದಿರಬೇಕು. ಕೊಳೆರೋಗಕ್ಕೆ ಸಾಕ್ಷಿ ಕೊಳೆತ ಅಡಿಕೆಯಲ್ಲ, ಕೆಡದೆ ಉಳಿದ ಯಂತ್ರ.

ಇಷ್ಟೆಲ್ಲ ಜಾಣತನ ರೈತನ ಹೊಲಕ್ಕೆ ಮಾತ್ರ ಮೀಸಲು. ವಿಧಾನಸೌಧಕ್ಕೂ ಕೃಷಿಭವನಕ್ಕೂ ಅದರಿಂದ ವಿನಾಯಿತಿ ಇದೆ. ಹನಿ ನೀರಾವರಿಗೆ ಸಬ್ಸಿಡಿ ಕೊಡುವ ಸರ್ಕಾರವೇ ಹತ್ತು ಎಚ್‌ಪಿವರೆಗಿನ ಪಂಪಿಗೆ ಉಚಿತ ಕರೆಂಟ್ ಕೊಡುತ್ತದೆ. ಒಂದು ಕೈ ನಲ್ಲಿ ತಿರುಗಿಸಿ ಮುಚ್ಚುತ್ತದೆ, ಇನ್ನೊಂದು ತೆಗೆಯುತ್ತದೆ. ಪುಕ್ಕಟೆ ಕರೆಂಟಿಗೆ ನೀರು ಪಾತಾಳ ಸೇರಿತು. ಮಳೆ ಕಮ್ಮಿಯಿರುವ ಬಯಲುಸೀಮೆಯಲ್ಲೂ ಅಡಿಕೆ ತೋಟ ಎದ್ದು, ಬೇಸಿಗೆಯಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಮರ ಉಳಿಸುವ ಕಾಲ ಬಂತು. ಆ ರೈತನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅಡಿಕೆಗೆ ಸಿಗುವ ಬೆಲೆ ಸಾಮೆಗೆ ಸಿಕ್ಕಿದ್ದರೆ ಅವನು ಟ್ಯಾಂಕರ್ ಕರೆಸುತ್ತಿರಲಿಲ್ಲ.

‘ಪ್ರತಿ ಹನಿಗೂ ಹೆಚ್ಚು ಬೆಳೆ’ ಎಂಬುದು ಕೇಂದ್ರದ ಘೋಷವಾಕ್ಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟು. ತಾತ್ಕಾಲಿಕ ಗೇಟು ಕೂರಿಸುವ ಹೊತ್ತಿಗೆ ಹತ್ತಾರು ಟಿಎಂಸಿ ನೀರು ನದಿಗೆ ಹರಿದಿತ್ತು. ಗದ್ದೆಯಲ್ಲಿ ಹನಿ ಲೆಕ್ಕ ಇಡುವ ರೈತ ದಂಡೆಯಲ್ಲಿ ನಿಂತು ಟಿಎಂಸಿ ಲೆಕ್ಕ ನೋಡಿದ. ಆ ಸರಪಳಿಗೆ ಯಾವ ಆ್ಯಪಿನಲ್ಲೂ ಅಲರ್ಟ್ ಬಂದಿರಲಿಲ್ಲ.

ಗೊಬ್ಬರದ ಕಥೆಯೂ ಅಷ್ಟೇ. 45 ಕಿಲೋ ಯೂರಿಯಾ ಚೀಲ ರೈತನಿಗೆ 266 ರೂಪಾಯಿ ಚಿಲ್ಲರೆಗೆ ಸಿಗುತ್ತದೆ, ಸರ್ಕಾರ ಅದರ ಹಲವು ಪಟ್ಟು ಸಬ್ಸಿಡಿ ತುಂಬುತ್ತದೆ. ಅಗ್ಗವಾದ್ದರಿಂದ ಹೆಚ್ಚು ಹಾಕುತ್ತಾನೆ. ಹೆಚ್ಚು ಹಾಕಿದ್ದಕ್ಕೆ ಕಾರ್ಯಾಗಾರದಲ್ಲಿ ಬೈಸಿಕೊಳ್ಳುತ್ತಾನೆ. ಪರಿಹಾರವಾಗಿ 2021ರಲ್ಲಿ ನ್ಯಾನೋ ಯೂರಿಯಾ ಬಂತು. ಅರ್ಧ ಲೀಟರ್ ಬಾಟಲಿ ಒಂದು ಚೀಲಕ್ಕೆ ಸಮ ಎಂದರು. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಯೂರಿಯಾ ತಗ್ಗಿಸಿ ನ್ಯಾನೋ ಸಿಂಪಡಿಸಿ ನೋಡಿದಾಗ ಭತ್ತ, ಗೋಧಿ ಎರಡರ ಇಳುವರಿಯೂ ಕುಸಿಯಿತು. ಅಂಗಡಿಯಲ್ಲಿ ಈಗ ಚೀಲ ಕೇಳಿದರೆ ‘ಲಿಂಕ್’ ಅನ್ನುತ್ತಾರೆ, ಅಂದರೆ ಬಾಟಲಿ ಕೊಂಡರೆ ಮಾತ್ರ ಚೀಲ. 2025ರ ಮುಂಗಾರಿನಲ್ಲಿ ಒಳ್ಳೆಯ ಮಳೆ ಬಂದಾಗ ಚೀಲವೇ ಸಿಗದೆ ಉತ್ತರ ಕರ್ನಾಟಕದ ಊರೂರಲ್ಲಿ ಪಾಳಿ ಹಚ್ಚಿದರು. ಮಳೆ ಬರದಿದ್ದರೂ ಕಷ್ಟ, ಬಂದರೂ ಕಷ್ಟ. ಹವಾಮಾನವನ್ನಾದರೂ ನಂಬಬಹುದು.

ರಾತ್ರೋರಾತ್ರಿ ಸಾವಯವ ಆಗಿಬಿಡೋಣ ಎಂಬ ಉತ್ಸಾಹಿಗಳಿಗೆ ಪಕ್ಕದ ಶ್ರೀಲಂಕಾ ಇದೆ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಅಧ್ಯಕ್ಷ ಗೊಟಬಯ ರಾಜಪಕ್ಸ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿದರು. ಭತ್ತ ಕುಸಿಯಿತು, ಚಹಾ ಕುಸಿಯಿತು, ನವೆಂಬರ್ ಹೊತ್ತಿಗೆ ಆದೇಶವೂ ಕುಸಿಯಿತು. ಮುಂದಿನ ಜುಲೈಗೆ ಅಧ್ಯಕ್ಷರೇ ದೇಶ ಬಿಟ್ಟರು. ಸಾವಯವದ ತಪ್ಪಲ್ಲ ಅದು. ಮಣ್ಣು ಹದವಾಗಲು ವರ್ಷಗಳು ಬೇಕು, ಸಹಿ ಹಾಕಲು ಒಂದು ಪೆನ್ನು ಸಾಕು.

ನಮ್ಮ ಸರ್ಕಾರಗಳು ಅಷ್ಟು ದುಡುಕಿನವಲ್ಲ, ಅವು ಎಲ್ಲ ದೇವರಿಗೂ ಕೈಮುಗಿಯುತ್ತವೆ. 2017ರಲ್ಲಿ ವರ್ಷಧಾರೆ ಎಂದು ಕೋಟಿಗಟ್ಟಲೆ ಸುರಿದು ವಿಮಾನದಿಂದ ಮೋಡ ಬಿತ್ತಿದರು. ಆ ವರ್ಷ ಬೆಂಗಳೂರಿನಲ್ಲಿ ಮಳೆಯ ದಾಖಲೆಯೇ ಮುರಿಯಿತು. ಮೋಡಗಳೂ ಕೆಟ್ಟು ಪಟ್ಟಣ ಸೇರಿದವೆಂದು ಕಾಣುತ್ತದೆ. 2019ರಲ್ಲಿ ಮತ್ತೆ ಮೋಡ ಬಿತ್ತನೆ. ಅದೇ ವರ್ಷದ ಜೂನ್‌ನಲ್ಲಿ ಮುಜರಾಯಿ ಇಲಾಖೆಯ ಸುತ್ತೋಲೆಯಂತೆ ದೇವಸ್ಥಾನಗಳಲ್ಲಿ ಪರ್ಜನ್ಯ ಹೋಮ. ಉಡುಪಿಯಲ್ಲಿ ನಾಗರಿಕರೇ ಸೇರಿ ಕಪ್ಪೆಗಳಿಗೆ ಮದುವೆ. ವಿಜ್ಞಾನ, ವೇದ, ಜಾನಪದ ಮೂರೂ ಒಂದೇ ಮಳೆಗಾಲದಲ್ಲಿ. ಹೊಂದಾಣಿಕೆಗೆ ಇದಕ್ಕಿಂತ ಸಮಗ್ರ ಮಾದರಿಯನ್ನು ಹೇಗ್‌ನವರು ಕೊಟ್ಟಾರೆಯೇ? ಮೂರರಲ್ಲಿ ಖರ್ಚು ಕಮ್ಮಿ ಕಪ್ಪೆಯದ್ದು.

2023ರಲ್ಲಿ ಪರೀಕ್ಷೆ ನಿಜವಾಗಿ ಬಂತು. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಯಿತು. ಸುಮಾರು 48 ಲಕ್ಷ ಹೆಕ್ಟೇರ್ ಬೆಳೆ ಹಾಳು. ಆಗ ಆ್ಯಪ್‌ಗಳಿದ್ದವು, ಮಳೆಮಾಪಕಗಳಿದ್ದವು, ಅಪಾಯದ ಜಿಲ್ಲೆಗಳ ಪಟ್ಟಿ ಇತ್ತು, ಸಿರಿಧಾನ್ಯ ವರ್ಷವೂ ಅದೇ ಆಗಿತ್ತು. ಇಲ್ಲದ್ದು ಹಣ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಕೇಂದ್ರ ತಂಡ ಬಂತು, ಒಣಗಿದ ಜೋಳ ಮುಟ್ಟಿ ನೋಡಿತು, ಹೋಯಿತು. ರೈತರಿಗೆ ರಾಜ್ಯ ಮೊದಲ ಕಂತೆಂದು ತಲಾ 2,000 ರೂಪಾಯಿವರೆಗೆ ಕೊಟ್ಟಿತು. ಆಮೇಲೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2024ರ ಏಪ್ರಿಲ್ ಕೊನೆಗೆ, ಅಂದರೆ ಬೆಳೆ ಒಣಗಿ ಎಂಟು ತಿಂಗಳಿಗೆ, ಬಂದದ್ದು 3,454 ಕೋಟಿ. ಬರಕ್ಕೆ ಪರಿಹಾರ ಕೇಳಲು ಒಂದು ರಾಜ್ಯವೇ ವಕೀಲರನ್ನು ಹಿಡಿಯಬೇಕಾದ ದೇಶದಲ್ಲಿ, ಎರಡೆಕರೆಯವನಿಗೆ ‘ಹವಾಮಾನದ ಬಗ್ಗೆ ಜಾಣನಾಗಪ್ಪ’ ಎಂದು ಬುದ್ಧಿ ಹೇಳಲು ನಾಲಿಗೆ ಹೇಗೆ ಹೊರಳುತ್ತದೋ ನನಗೆ ತಿಳಿಯದು.

ಮುಂದಿನ ಕಾರ್ಯಾಗಾರಕ್ಕೆ ನಿಮಗೆ ಆಹ್ವಾನ ಬಂದರೆ ದಯವಿಟ್ಟು ಹೋಗಿ, ಸಾಮೆ ಪಾಯಸ ಚೆನ್ನಾಗಿರುತ್ತದೆ. ಪ್ರಶ್ನೋತ್ತರದ ವೇಳೆ ಒಂದು ಲೆಕ್ಕ ಮಾತ್ರ ಮೈಕಿನಲ್ಲಿ ಓದಿಬಿಡಿ. ಕೇಂದ್ರ ಸರ್ಕಾರದ 2022-26ರ ವಿಪತ್ತು ಪರಿಹಾರ ನಿಯಮದ ಪ್ರಕಾರ, ಮಳೆಯಾಶ್ರಿತ ಬೆಳೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ. ಎಕರೆಗೆ ಸುಮಾರು 3,440 ರೂಪಾಯಿ.